ಬಲಗಾಲು ಮುಂದಿಟ್ಟು ಗೆದ್ದ ಪಂದ್ಯ

ಕಣ್ಣಾಸ್ಪತ್ರೆಯ ಸಿಸ್ಟರ್ ನನ್ನ ಅವ್ವನನ್ನು ಹೊರಗೆ ಕೂರಿಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದ ಮೊದಲ ಪ್ರಶ್ನೆ: "ಮನೇಲಿ ಯಾರಾದ್ರೂ ಹೊಡೀತಾರಾಮ್ಮಾ? ಹೆದರ್ಕೋಬೇಡ, ಹೇಳು."

ಇಪ್ಪತ್ತಾರು ವರ್ಷದ ಹೆಣ್ಣು, ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು, ಮೂಗು ಸ್ವಲ್ಪ ಸೊಟ್ಟ, ಎಡಗಣ್ಣಲ್ಲಿ ಮುಕ್ಕಾಲು ಕತ್ತಲು. ಪಾಪ, ಅವರು ಬೇರೆ ಏನು ಯೋಚಿಸಿಯಾರು? "ಹೊಡೀತಾರೆ ಸಿಸ್ಟರ್, ವಾರಕ್ಕೆ ಆರು ದಿನ. ನಾನೇ ಎರಡು ಬಸ್ ಹತ್ತಿ ಹೋಗಿ ಹೊಡೆಸ್ಕೊಂಡು ಬರ್ತೀನಿ" ಎಂದೆ. ಅವರು ನಗಲಿಲ್ಲ. ಕಿಕ್‌ಬಾಕ್ಸಿಂಗ್ ಎಂದು ಬಿಡಿಸಿ ಹೇಳಿದ ಮೇಲೂ ಅರ್ಧ ಅನುಮಾನದಲ್ಲೇ ಬರೆದುಕೊಂಡು, "ಎಷ್ಟು ದಿನದಿಂದ ಕಾಣಿಸ್ತಿಲ್ಲ?" ಎಂದು ಕೇಳಿದರು. ಒಂದು ವಾರ ಎಂದೆ. ಅದು ಸುಳ್ಳು. ಒಂದೂವರೆ ತಿಂಗಳಾಗಿತ್ತು.

ಆ ಸುಳ್ಳನ್ನು ಕುರಿತೇ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಯ ವಿವರ ಬೇಕಾದವರಿಗೆ ಡಾಕ್ಟರುಗಳಿದ್ದಾರೆ. ಏಟು ತಿನ್ನುವ ಆಟ ಆಡುವವರಲ್ಲಿ, ಕಣ್ಣಿನ ಮೂಲೆಯಲ್ಲಿ ಏನೋ ಮಿಂಚಿದರೂ ಬಾಯಿ ಬಿಡದೆ ಕೂತವರು ಯಾರಾದರೂ ಇದ್ದರೆ, ಅವರು ಓದಲಿ.

ನನ್ನ ಹೆಸರು ರೇಣುಕಾ. ನಮ್ಮದು ಯಾದಗಿರಿ ಕಡೆ. ಅಪ್ಪ ಗಾರೆ ಕೆಲಸಕ್ಕೆಂದು ಬಂದವನು ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಇಲ್ಲೇ ತೀರಿಕೊಂಡ. ಅವ್ವ ಕಗ್ಗದಾಸಪುರದಲ್ಲಿ ಅಪಾರ್ಟ್‌ಮೆಂಟಿನ ಮೂರು ಮನೆಗಳಿಗೆ ರೊಟ್ಟಿ ತಟ್ಟಿಕೊಡುತ್ತಾಳೆ. ಅಲ್ಲೇ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ ನಮ್ಮದು. ಬೆಳಗ್ಗೆ ನಾನು ಇಂದಿರಾನಗರದಲ್ಲಿ ಆಫೀಸಿಗೆ ಹೋಗುವ ಹೆಂಗಸರಿಗೆ ಪಂಚಿಂಗ್ ಹೇಳಿಕೊಡುತ್ತಿದ್ದೆ, ಸಂಜೆ ಶಿವಾಜಿನಗರಕ್ಕೆ ಹೋಗಿ ನಾನು ಕಲಿಯುತ್ತಿದ್ದೆ.

ಶಿವಾಜಿನಗರದ ನಮ್ಮ ಜಿಮ್ ಇರುವುದು ಹಳೇ ಸೋಫಾ ರಿಪೇರಿ ಮಾಡುವ ಅಂಗಡಿಯ ಮೇಲೆ. ಕೋಚನ್ನು ಎಲ್ಲರೂ ಉಸ್ತಾದ್ ಎನ್ನುತ್ತೇವೆ. ಗೋಡೆಯ ತುಂಬ ಹಾಲೆಂಡು, ಜಪಾನು, ಥಾಯ್ಲೆಂಡಿನ ಚಾಂಪಿಯನ್ನರ ಚಿತ್ರಗಳು. ಶನಿವಾರ ಸಂಜೆ ಹೊಡೆದಾಟವಿಲ್ಲ. ಎಲ್ಲರೂ ಚಾಪೆಯ ಮೇಲೆ ಕೂತು ಯಾರಾದರೊಬ್ಬ ದೊಡ್ಡ ಚಾಂಪಿಯನ್ನನ ಒಂದೇ ಒಂದು ನಾಕೌಟನ್ನು ಹತ್ತು ಸಲ ನೋಡಬೇಕು, ನಿಧಾನ ಮಾಡಿ, ಹಿಂದಕ್ಕೆ ಎಳೆದು. ಆಮೇಲೆ ಉಸ್ತಾದ್ ಕೇಳುತ್ತಾರೆ, "ಬೋಲೋ, ಯಾವ ಏಟು ಬೀಳಿಸ್ತು?" ನಾವು ಬಲಗೈ ಎಂದೋ ಕಾಲು ಎಂದೋ ಹೇಳುತ್ತೇವೆ. ಅವರು ತಲೆ ಅಲ್ಲಾಡಿಸುತ್ತಾರೆ. "ಜೋರಾಗಿ ಬಂದ ಏಟಿಗೆ ಯಾರೂ ಬೀಳಲ್ಲ. ಕಾಣದೆ ಬಂದ ಏಟಿಗೆ ಬೀಳ್ತಾರೆ."

ಇನ್ನೊಂದು ಪದ್ಧತಿಯೂ ಇತ್ತು. ಏಟು ಬಿದ್ದಾಗ ಮುಖ ಕಿವುಚಿದವರಿಗೆ ಅದೇ ಜಾಗಕ್ಕೆ ಇನ್ನೊಂದು ಏಟು. ನೋವು ಮುಖದ ಮೇಲೆ ಬಂದರೆ ಎದುರಿನವಳಿಗೆ ದಾರಿ ತೋರಿಸಿದ ಹಾಗೆ ಎಂದು ಉಸ್ತಾದ್ ಹೇಳುತ್ತಿದ್ದರು. ಏಳು ವರ್ಷ ಹೀಗೆ ಕಲಿತೆ. ಕೊನೆಕೊನೆಗೆ ನನ್ನ ತೊಡೆಗೆ ಒದ್ದವರೇ ಕಾಲು ಹಿಡಿದುಕೊಂಡು ಕೂರುತ್ತಿದ್ದರು, ನಾನು ಸುಮ್ಮನೆ ನಿಂತಿರುತ್ತಿದ್ದೆ. ಬಸ್ಸಿನಲ್ಲಿ ಯಾರೋ ಕಾಲು ತುಳಿದರೂ ನನ್ನ ಮುಖ ಕಲ್ಲಾಗಿರುತ್ತಿತ್ತು. ಅದನ್ನು ದೊಡ್ಡ ವಿದ್ಯೆ ಎಂದುಕೊಂಡಿದ್ದೆ.

ರಾಜ್ಯ ಚಾಂಪಿಯನ್‌ಷಿಪ್ಪಿಗೆ ಇನ್ನು ಐದು ವಾರ ಇದ್ದಾಗ, ಅಭ್ಯಾಸದ ಹೊಡೆದಾಟದಲ್ಲಿ ಎಡ ಹುಬ್ಬಿನ ಪಕ್ಕಕ್ಕೆ ಒಂದು ಒದೆ ಬಿತ್ತು. ಯಾರ ಕಾಲು ಎಂದು ಗೊತ್ತು. ಹೇಳುವುದಿಲ್ಲ, ಅವಳದೇನೂ ತಪ್ಪಿಲ್ಲ. ಆ ಸಂಜೆ ಕಣ್ಣಿನ ಹೊರ ಅಂಚಿನಲ್ಲಿ ಮಿಂಚು ಶುರುವಾಯಿತು. ಮರುದಿನ ಕಣ್ಣ ಮುಂದೆ ಕರಿ ಹಾರಾಡಿತು, ಒಲೆ ಊದಿದಾಗ ಏಳುತ್ತದಲ್ಲ, ಹಾಗೆ. ಮೂರನೇ ದಿನ ಎಡಗಣ್ಣಿನ ಹೊರಮೂಲೆಯ ಕೆಳಗಿನಿಂದ ಒಂದು ನೆರಳು ಎದ್ದು ನಿಂತಿತು. ಬಲಗಣ್ಣು ಮುಚ್ಚಿ ನೋಡಿದರೆ ಬಸ್ ಸ್ಟಾಪಿನಲ್ಲಿ ನನ್ನ ಎಡಕ್ಕೆ ನಿಂತವರಿಗೆ ಕಾಲೇ ಇರುತ್ತಿರಲಿಲ್ಲ.

ನಾನು ಏನು ಮಾಡಿದೆ ಎಂದರೆ, ಐಸ್ ಇಟ್ಟೆ. ನಮಗೆ ಎಲ್ಲದಕ್ಕೂ ಐಸ್. ಒಳಗೆ ಊದಿಕೊಂಡಿದೆ, ಇಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮನಸ್ಸಿನ ಇನ್ನೊಂದು ಮೂಲೆಗೆ ಇದು ಊತವಲ್ಲ ಎಂದು ಗೊತ್ತಿತ್ತು. ಅದು ಗೊತ್ತಿದ್ದುದರಿಂದಲೇ ಯಾರಿಗೂ ಹೇಳಲಿಲ್ಲ. ಹೇಳಿದರೆ ಡಾಕ್ಟರು, ಡಾಕ್ಟರು ಎಂದರೆ ಪಂದ್ಯ ಇಲ್ಲ. ರಾಜ್ಯ ಮಟ್ಟದಲ್ಲಿ ಗೆದ್ದವರಿಗೆ ಕೊಡುವ ಬೆಲ್ಟ್ ಒಂದು ಸಿಕ್ಕರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು ಎಂದು ಯಾರೋ ಹೇಳಿದ್ದರು. ಅವ್ವನ ರೊಟ್ಟಿ ತಟ್ಟುವ ಕೈ ನೋಡುವಾಗೆಲ್ಲ ನನಗೆ ಅದೇ ನೆನಪಾಗುತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಆಟದಲ್ಲಿ ಹೆಚ್ಚಿನವರು ಎಡಗಾಲು ಮುಂದಿಟ್ಟು ನಿಲ್ಲುತ್ತಾರೆ, ನಾನೂ ಹಾಗೇ. ಬಲಗಾಲು ಮುಂದಿಟ್ಟು ನಿಂತರೆ ಮೈ ಆ ಕಡೆ ತಿರುಗಿ ಬಲಗಣ್ಣು ಎದುರಾಳಿಗೆ ಹತ್ತಿರವಾಗುತ್ತದೆ, ಎಡಗಣ್ಣು ಹಿಂದಕ್ಕೆ ಹೋಗುತ್ತದೆ. ಜೊತೆಗೆ ಗದ್ದವನ್ನು ಒಂಚೂರು ಎಡಕ್ಕೆ ವಾಲಿಸಿದರೆ ಕಾಣದ ಮೂಲೆಯೂ ಅರ್ಧ ಕಾಣುತ್ತದೆ. ಮರುದಿನದಿಂದಲೇ ಹಾಗೆ ನಿಂತೆ. ಏಳು ವರ್ಷದ ಅಭ್ಯಾಸ ಒಂದು ಸಂಜೆಯಲ್ಲಿ ಬದಲಾದದ್ದನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ಉಸ್ತಾದ್ ಚಪ್ಪಾಳೆ ತಟ್ಟಿದರು. "ಅರೆ ವಾಹ್! ಎಲ್ಲಿಂದ ಕಲ್ತೆ ಬೇಟಿ ಇದು? ಯಾರಿಗೂ ಅರ್ಥಾನೇ ಆಗಲ್ಲ!" ಮನೆಯಲ್ಲಿ ಅವ್ವನಿಗೆ ತೋರಿಸಿದಾಗ ಅವಳು, "ಬಲಗಾಲು ಮುಂದಿಡೋದು ಗಂಡನ ಮನಿಗಿ ಹೋಗಾಗ. ಅಲ್ಲಿಗಂತೂ ಹೋಗಲಿಲ್ಲ ನೀ" ಎಂದು ನಕ್ಕಳು.

ಪಂದ್ಯ ನಡೆದದ್ದು ಕೆ.ಆರ್. ಪುರದ ಒಂದು ಕಾಲೇಜಿನ ಒಳಾಂಗಣದಲ್ಲಿ. ಪಂದ್ಯಕ್ಕೆ ಮೊದಲು ಅಲ್ಲಿನ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು, "ಎಲ್ಲಾ ಓಕೆನಾ?" ಎಂದರು. ಓಕೆ ಸರ್ ಎಂದೆ, ಕಲ್ಲು ಮುಖದಲ್ಲಿ. ಫೈನಲ್‌ನಲ್ಲಿ ಎದುರಾದವಳು ಮಂಡ್ಯದ ಕಡೆಯವಳು, ನನಗಿಂತ ಎತ್ತರ, ಒಳ್ಳೆಯ ಆಟಗಾರ್ತಿ. ಬಲಗಾಲು ಮುಂದಿಟ್ಟ ನನ್ನನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಎರಡನೇ ಸುತ್ತಿನಲ್ಲಿ ನನ್ನ ಎಡಗಾಲಿನ ಮೊಳಕಾಲ ಕೆಳಗಿನ ಮೂಳೆ ಅವಳ ಕುತ್ತಿಗೆಯ ಪಕ್ಕಕ್ಕೆ ಬಿತ್ತು. ಜನ ಎದ್ದು ಕೂಗಿದರು. ಅವಳು ಬಿದ್ದದ್ದನ್ನು ನಾನು ನೋಡಲಿಲ್ಲ. ನನ್ನ ಎಡಕ್ಕೆ ಬಿದ್ದಿದ್ದಳು. ರೆಫರಿ ಎಣಿಸುವುದನ್ನು ಕೇಳಿ, ಕತ್ತು ಪೂರ್ತಿ ತಿರುಗಿಸಿದಾಗಲೇ ಬೋರಲು ಬಿದ್ದವಳು ಕಾಣಿಸಿದ್ದು.

ಬೆಲ್ಟ್ ಬಂತು, ಕಪ್ ಬಂತು, ಒಂಬತ್ತು ದಿನ ನಾನು ಗಲ್ಲಿಯ ರಾಣಿಯಾಗಿದ್ದೆ. ಹತ್ತನೇ ದಿನ ಬೆಳಗ್ಗೆ ಅವ್ವ ಎಡಗಡೆಯಿಂದ ಚಹಾ ಲೋಟ ಕೊಟ್ಟಳು. ನನ್ನ ಕೈ ಲೋಟಕ್ಕೆ ತಗಲಿ ಚಹಾ ಹಾಸಿಗೆಯ ಮೇಲೆ ಚೆಲ್ಲಿತು. ಅವಳು ನನ್ನ ಬಲಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ, "ನಾ ಎಲ್ಲಿದೀನಿ ಹೇಳು" ಎಂದಳು. ಎದುರಿಗೇ ಇದ್ದಳು. ನೆತ್ತಿಯ ಮೇಲಿನ ಒಂದಿಷ್ಟು ಬೆಳಕು ಬಿಟ್ಟರೆ ನನಗೆ ಏನೂ ಕಾಣಲಿಲ್ಲ.

ಕಂಟೋನ್ಮೆಂಟ್ ಕಡೆಯ ಆ ಆಸ್ಪತ್ರೆಯಲ್ಲಿ ಉದ್ದ ಬೆಂಚುಗಳ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೂತಿರುತ್ತಾರೆ. ಕಣ್ಣಿಗೆ ಡ್ರಾಪ್ಸ್ ಹಾಕಿ, ಪರೀಕ್ಷೆ ಆಗಬೇಕಾದ ಕಣ್ಣಿನ ಮೇಲೆ, ಹಣೆಗೆ, ಬಿಳಿ ಟೇಪಿನ ತುಂಡು ಅಂಟಿಸುತ್ತಾರೆ. ಅಷ್ಟು ಜನರಲ್ಲಿ ತಲೆ ನರೆಯದವಳು ನಾನೊಬ್ಬಳೇ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿಕೊಂಡೇ ನನ್ನ ಕೈ ಸವರಿ, "ಕೈ ಎಳೇದಾಗಿದೆ. ಈ ವಯಸ್ಸಿಗೇ ಪೊರೆನಾ ಕಂದಾ?" ಎಂದು ಕೇಳಿದರು. ಪೊರೆಯಲ್ಲ, ಏಟು ಎಂದೆ. ಅವರು ಕೈ ಬಿಡಲಿಲ್ಲ. ನನ್ನ ಹೆಸರು ಕರೆಯುವವರೆಗೂ ಹಿಡಿದುಕೊಂಡೇ ಇದ್ದರು. ಅವರ ಮುಖ ನಾನು ಸರಿಯಾಗಿ ನೋಡಲೇ ಇಲ್ಲ.

ಡಾಕ್ಟರು ವಯಸ್ಸಾದವರು, ಮೆದು ಮಾತು. ಬಹಳ ಹೊತ್ತು ದೀಪ ಬಿಟ್ಟು ನೋಡಿದರು. ಅವ್ವನನ್ನೂ ಒಳಗೆ ಕರೆಸಿದರು. "ಕಣ್ಣಿನ ಒಳಪದರ ಹರಿದು ಬಿಟ್ಕೊಂಡಿದೆ. ಇದು ಒಂದು ವಾರದ್ದಲ್ಲ. ನಿಜ ಹೇಳು, ನಾನು ಬೈಯಲ್ಲ." ನಿಜ ಹೇಳಿದೆ. ಮಿಂಚು, ಕರಿ, ನೆರಳು, ಬಲಗಾಲು, ಎಲ್ಲ. ಅವರು ಪೆನ್ನು ಕೆಳಗಿಟ್ಟರು. ಮೊದಲ ವಾರ ಬಂದಿದ್ದರೆ ಲೇಸರಿನಲ್ಲಿ ಮುಗಿಯುತ್ತಿತ್ತೇನೋ, ಈಗ ಆಪರೇಷನ್ ಮಾಡೋಣ, ಎಷ್ಟು ಉಳಿಯುತ್ತದೋ ಹೇಳಲಾರೆ ಎಂದರು.

ನಾನು ಅಳಲಿಲ್ಲ. ಮುಖ ಕಲ್ಲು ಮಾಡಿಕೊಳ್ಳುವುದು ಅಭ್ಯಾಸವಾಗಿತ್ತಲ್ಲ. ಅವ್ವ ಕಾರಿಡಾರಿಗೆ ಬಂದು ಗೋಡೆಗೆ ಒರಗಿ ನಿಂತು, ನನ್ನನ್ನು ನೋಡದೆ ಹೇಳಿದಳು: "ಕಣ್ಣು ಕೊಟ್ಟು ಕಪ್ ತಂದಿ ನೋಡು."

ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗ್ಯಾಸಿನ ಗುಳ್ಳೆ ಪದರವನ್ನು ಒತ್ತಿ ಹಿಡಿಯಬೇಕಾದರೆ ಹತ್ತು ದಿನ, ಊಟಕ್ಕೂ ನಿದ್ದೆಗೂ, ಮುಖ ಕೆಳಗೆ ಮಾಡಿಯೇ ಇರಬೇಕು. ವಿಮಾನ ಹತ್ತಬಾರದು ಎಂದೂ ಹೇಳಿದರು. ನಮ್ಮ ಮನೆಯ ಮೇಲೆ ವಿಮಾನಪುರದ ಕಡೆಯಿಂದ ಎದ್ದ ವಿಮಾನಗಳು ಹಾರುತ್ತವೆ, ಅದರಲ್ಲಿ ಕೂತವರು ನಮ್ಮ ವಂಶದಲ್ಲೇ ಇಲ್ಲ. ನನ್ನ ಹೆಮ್ಮೆಯೊಂದಿತ್ತು: ರಿಂಗಿನಲ್ಲಿ ನಾನು ಒಂದು ಸಲವೂ ಬೋರಲು ಬಿದ್ದವಳಲ್ಲ. ಈಗ ಹತ್ತು ದಿನ ಬೋರಲು. ಯಾರೂ ಎಣಿಸಲಿಲ್ಲ, ಎದ್ದೇಳು ಎನ್ನಲಿಲ್ಲ.

ಮಂಚದ ಅಂಚಿನಿಂದ ತಲೆ ಹೊರಗಿಟ್ಟು, ಹಣೆಗೆ ಸ್ಟೂಲು, ಸ್ಟೂಲಿನ ಮೇಲೆ ಮಡಚಿದ ಸೀರೆ. ಕಾಣುತ್ತಿದ್ದದ್ದು ನೆಲದ ಎರಡು ಟೈಲ್ಸ್. ಕತ್ತು ಕಡಿಯುತ್ತಿತ್ತು, ಎದೆ ಉರಿಯುತ್ತಿತ್ತು. ಅವ್ವ ಎರಡು ಮನೆಯ ಕೆಲಸ ಬಿಟ್ಟಳು. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಂದು, ನೆಲದ ಮೇಲೆ ಅಂಗಾತ ಮಲಗಿ, ಕೆಳಗಿನಿಂದ ಕೈ ಎತ್ತಿ ನನ್ನ ಬಾಯಿಗೆ ತುತ್ತಿಡುತ್ತಿದ್ದಳು. "ಹಿಂಗ ಮಕ್ಕೊಂಡು ಯಾರಿಗೂ ಉಣಿಸಿಲ್ಲ ನಾ. ನೀ ಕೂಸಿದ್ದಾಗನೂ ಇಷ್ಟು ಕಾಡಿಲ್ಲ." ಒಮ್ಮೆ ನನ್ನ ಬಲಗಣ್ಣಿನ ನೀರು ಅವಳ ಕೆನ್ನೆಯ ಮೇಲೆ ಬಿತ್ತು. ಒರೆಸಿಕೊಳ್ಳದೆ, "ಅಳು. ಈಗರೆ ಅಳು" ಎಂದಳು.

ಸಂಜೆ ಸ್ಟೆಲ್ಲಾ ಬರುತ್ತಿದ್ದಳು. ಹಲಸೂರಿನ ಹುಡುಗಿ, ಹತ್ತೊಂಬತ್ತು ವರ್ಷ, ನಮ್ಮ ಜಿಮ್ಮಿನಲ್ಲಿ ನನ್ನ ನಂತರ ಅವಳೇ. ಬೇಜಾರು ಕಳೆಯಲಿ ಎಂದು ಉಸ್ತಾದರ ಶನಿವಾರದ ವಿಡಿಯೋಗಳನ್ನು ಮೊಬೈಲಿನಲ್ಲಿ ಹಾಕಿ ಬಾಯಲ್ಲಿ ವಿವರಿಸುತ್ತಿದ್ದಳು. "ಅಕ್ಕಾ, ಈಗ ಅವ್ನು ಲೆಫ್ಟ್ ಕೊಟ್ಟ. ಐಯೋ, ಕಾಲು ಬಂತು ನೋಡಿ! ಮುಗೀತು, ಔಟ್!" ಆ ನಾಕೌಟುಗಳನ್ನೆಲ್ಲ ನಾನು ನೂರು ಸಲ ನೋಡಿದ್ದೆ, ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ. ಧಪ್ ಎನ್ನುವ ಸದ್ದು, ಜನರ ಕೂಗು, ಕೂಗಿನ ಕೆಳಗೆ ಬಿದ್ದವನ ಮೂಲೆಯಿಂದ ಒಬ್ಬರೇ ಒಬ್ಬರು ಅವನ ಹೆಸರು ಹಿಡಿದು ಮತ್ತೆ ಮತ್ತೆ ಕರೆಯುತ್ತಿರುವುದು. ಅಂಥ ಮಹಾ ಚಾಂಪಿಯನ್ನರ ಎದುರು ಬಿದ್ದವರು ಯಾರು, ಆಮೇಲೆ ಅವರಿಗೆ ಏನಾಯಿತು ಎಂದು ಕೇಳಬೇಕೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ನನಗೆ ಮಂಡ್ಯದ ಹುಡುಗಿ ನೆನಪಾದಳು. "ಆಫ್ ಮಾಡೇ" ಎಂದೆ.

ಉಸ್ತಾದ್ ಬಂದದ್ದು ಏಳನೇ ದಿನ. ಅವರ ಚಪ್ಪಲಿ ಬಿಟ್ಟ ಕಾಲು ಮಾತ್ರ ನನಗೆ ಕಾಣುತ್ತಿತ್ತು.

"ನಂಗ್ಯಾಕೆ ಹೇಳ್ಲಿಲ್ಲ ಬೇಟಿ?"

"ಹೇಳಿದ್ರೆ ಆಡ್ಸೋದು ಬಿಡ್ತಿದ್ರಾ ಉಸ್ತಾದ್?"

"ಗೊತ್ತಿಲ್ಲ" ಎಂದರು. "ಸುಳ್ಳು ಹೇಳಲ್ಲ. ಗೊತ್ತಿಲ್ಲ." ಹಣ್ಣಿನ ಚೀಲವನ್ನು ಟೈಲ್ಸಿನ ಮೇಲಿಟ್ಟು ಹೋದರು. ಆಡಿಸುತ್ತಿರಲಿಲ್ಲ ಎಂದು ಅವರು ಹೇಳಿದ್ದರೆ ನಾನು ಜನ್ಮದಲ್ಲಿ ಅವರನ್ನು ಕ್ಷಮಿಸುತ್ತಿರಲಿಲ್ಲ.

ಗ್ಯಾಸ್ ಕರಗುತ್ತಾ ಬಂದಂತೆ ಕಣ್ಣೊಳಗೆ ಬಾಟಲಿಯ ನೀರಿನ ಮಟ್ಟದ ಹಾಗೆ ಒಂದು ಗೆರೆ ತುಳುಕಾಡುತ್ತಿತ್ತು. ಗೆರೆಯ ಆಚೆ ಮಸುಕಾಗಿ ಕಿಟಕಿ ಕಂಡಾಗ ಕೂಗಿಕೊಂಡೆ. ಅವ್ವ ಹೋಗಿ ಎಲ್ಲಮ್ಮನಿಗೆ ಕಾಯಿ ಒಡೆಸಿ ಬಂದಳು. ಎರಡು ತಿಂಗಳಿಗೆ ಪದರ ಮುದುಡಿ ಮತ್ತೆ ಬಿಟ್ಟುಕೊಂಡಿತು. ಎರಡನೇ ಆಪರೇಷನ್, ಈ ಸಲ ಗ್ಯಾಸಿನ ಬದಲು ಎಣ್ಣೆ, ಮತ್ತೆ ಬೋರಲು. ಕೊನೆಗೆ ಉಳಿದದ್ದು ಇಷ್ಟು: ಎಡಗಣ್ಣಿಗೆ ದೀಪ ಹತ್ತಿದ್ದು ಗೊತ್ತಾಗುತ್ತದೆ, ಎದುರಿಗೆ ಕೈ ಆಡಿಸಿದರೆ ನೆರಳು ಆಡುತ್ತದೆ. ಬಲಗಣ್ಣಿನಲ್ಲೂ ಒಂದು ತೆಳುವಾದ ಜಾಗವಿತ್ತು, ಅದಕ್ಕೆ ಲೇಸರ್ ಹಾಕಿದರು. ಇನ್ನು ತಲೆಗೆ ಒಂದು ಏಟೂ ಬೀಳಕೂಡದು ಎಂದು ಡಾಕ್ಟರು ಹೇಳಿದರು. ಆ ದಿನ ಮನೆಗೆ ಬರುವಾಗ ಬಸ್ಸಿಳಿದು ಮೆಟ್ಟಿಲು ಕಾಣದೆ ಎಡವಿ ಬಿದ್ದೆ. ಎತ್ತಲು ಬಂದವರನ್ನು ಬೈದೆ.

ಅರ್ಧ ವರ್ಷದ ಮೇಲೆ ಶಿವಾಜಿನಗರಕ್ಕೆ ಹೋದೆ. ಹೋಗಲು ಕಾರಣವೇನೂ ಇರಲಿಲ್ಲ, ಬೆವರು ಮತ್ತು ನೋವಿನೆಣ್ಣೆಯ ಆ ವಾಸನೆ ಬೇಕಾಗಿತ್ತು ಅಷ್ಟೆ. ಮಹಡಿ ಹತ್ತಿ ಬಾಗಿಲಲ್ಲಿ ನಿಂತೆ. ಆರು ಹುಡುಗಿಯರು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರು. ಆರೂ ಜನ ಬಲಗಾಲು ಮುಂದಿಟ್ಟಿದ್ದರು, ಗದ್ದವನ್ನು ಒಂಚೂರು ಎಡಕ್ಕೆ ವಾಲಿಸಿದ್ದರು. ಗೋಡೆಯ ಮೇಲೆ ಚಾಂಪಿಯನ್ನರ ನಡುವೆ ನನ್ನ ಫೋಟೋ, ಅದೇ ಭಂಗಿ.

ಮೊದಲು ನನಗೆ ಹೆಮ್ಮೆಯಾಯಿತು. ಇದನ್ನು ಮುಚ್ಚಿಡುವುದಿಲ್ಲ. ಎದೆ ಉಬ್ಬಿತು, ನಿಜವಾಗಿ. ಆಮೇಲೆ ಅವರ ವಾಲಿದ ಗದ್ದಗಳನ್ನು ಒಂದೊಂದಾಗಿ ನೋಡಿದೆ. ಎರಡೂ ಕಣ್ಣಿರುವ ಆರು ಹುಡುಗಿಯರು ನನ್ನ ಕುರುಡನ್ನು ಕಲಿಯುತ್ತಿದ್ದರು.

ಉಸ್ತಾದರನ್ನು ಕೇಳದೆ ನಡುವೆ ಹೋಗಿ ನಿಂತೆ. "ಇದು ಸ್ಟೈಲ್ ಅಲ್ಲ ಕಣ್ರೇ. ನಂಗೆ ಈ ಕಡೆ ಕಾಣ್ತಿರ್ಲಿಲ್ಲ, ಅದನ್ನ ಮುಚ್ಚಿಡೋಕೆ ಹೀಗೆ ನಿಂತೆ. ಕಾಲು ಬದಲಾಯಿಸಿ" ಎಂದೆ. ಮಿಂಚಿನ ಬಗ್ಗೆ, ಕರಿಯ ಬಗ್ಗೆ ಹೇಳಿದೆ. ಉಸ್ತಾದ್ ತಲೆ ತಗ್ಗಿಸಿಕೊಂಡು ನಿಂತಿದ್ದರು, ತಡೆಯಲಿಲ್ಲ.

ಮೆಟ್ಟಿಲಿಳಿಯುವಾಗ ಸ್ಟೆಲ್ಲಾ ಹಿಂದಿನಿಂದ ಓಡಿ ಬಂದಳು. ಸೋಫಾ ಅಂಗಡಿಯ ಮುಂದೆ ರಾಶಿ ಬಿದ್ದಿದ್ದ ತೆಂಗಿನ ನಾರಿನ ಪಕ್ಕ ನಿಲ್ಲಿಸಿ, ಸುತ್ತ ನೋಡಿ, ಮೆಲ್ಲಗೆ ಹೇಳಿದಳು: "ಅಕ್ಕಾ, ಮಿಂಚು ಅಂದ್ರಲ್ಲ. ನಂಗೂ ಬರ್ತಿದೆ. ನಾಲ್ಕು ದಿನ ಆಯ್ತು."

"ನಡಿ ಆಸ್ಪತ್ರೆಗೆ."

"ಮುಂದಿನ ವಾರ ನ್ಯಾಷನಲ್ಸ್ ಸೆಲೆಕ್ಷನ್ ಅಕ್ಕಾ. ಅದು ಮುಗೀಲಿ, ಸತ್ಯವಾಗ್ಲೂ ಹೋಗ್ತೀನಿ. ಯಾರಿಗೂ ಹೇಳ್ಬೇಡಿ ಅಕ್ಕಾ, ಪ್ಲೀಸ್. ನಿಮ್ಮನ್ನ ನಂಬಿ ಹೇಳ್ದೆ." ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ಮುಖದಲ್ಲಿ ಏನೂ ಇರಲಿಲ್ಲ, ಚೆನ್ನಾಗಿ ಕಲಿತಿದ್ದಳು.

ಆಯ್ತು, ಹೇಳಲ್ಲ ಎಂದೆ. ಅವಳು ಬಸ್ ಹತ್ತುವವರೆಗೂ ನಿಂತಿದ್ದು, ಮತ್ತೆ ಮಹಡಿ ಹತ್ತಿ ಉಸ್ತಾದರಿಗೆ ಹೇಳಿದೆ. ಅಲ್ಲಿಂದ ಹಲಸೂರಿಗೆ ಹೋಗಿ ಅವಳ ಅಮ್ಮನಿಗೂ ಹೇಳಿದೆ. ಸ್ಟೆಲ್ಲಾ ಒಳಕೋಣೆಯಿಂದ ಬಂದು ನನ್ನನ್ನು ನೋಡಿದ ಕೂಡಲೇ ಅವಳಿಗೆ ಗೊತ್ತಾಗಿಹೋಯಿತು. "ನೀವು ಮಾತ್ರ ಬೆಲ್ಟ್ ತಗೊಂಡ್ರಿ" ಎಂದಳು.

ಮರುದಿನ ಆ ಉದ್ದ ಬೆಂಚಿನ ಮೇಲೆ ಅವಳು, ಅವಳ ಅಮ್ಮ, ಆ ಕೊನೆಗೆ ನಾನು. ಹಣೆಗೆ ಟೇಪು ಅಂಟಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಅವಳ ಕೈ ಹಿಡಿಯಲು ಹೋದೆ, ಎಳೆದುಕೊಂಡಳು. ಒಳಪದರ ಒಂದು ಕಡೆ ಸ್ವಲ್ಪ ಹರಿದಿತ್ತು. ಅರ್ಧ ಗಂಟೆಯಲ್ಲಿ ಲೇಸರ್ ಮುಗಿಯಿತು. ಕಣ್ಣಿಗೆ ಏನೂ ಆಗಲಿಲ್ಲ. ಆಟ ಮಾತ್ರ ಬೇಡ, ಇನ್ನೆಂದೂ ಬೇಡ ಎಂದು ಡಾಕ್ಟರು ಹೇಳಿದರು. ಹೊರಗೆ ಬಂದ ಸ್ಟೆಲ್ಲಾ ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಳ್ಳದೆ, ಜನ ನೋಡುತ್ತಿದ್ದರೂ ಲೆಕ್ಕಿಸದೆ, ಬಾಯಿ ತೆರೆದು ಅತ್ತಳು.

ಈಗ ಅವಳು ಹಲಸೂರಿನ ಒಂದು ಬಟ್ಟೆ ಅಂಗಡಿಯ ಕೌಂಟರಿನಲ್ಲಿದ್ದಾಳೆ. ನಾನು ಇಂದಿರಾನಗರದ ಕೆಲಸಕ್ಕೆ ಹೋಗುವ ಬಸ್ಸು ಮುಂದೆ ಆ ದಾರಿಯಲ್ಲೇ ಹೋಗುತ್ತದೆ, ಕೆಲವು ದಿನ ಅಲ್ಲಿವರೆಗೂ ಹೋಗಿ ಇಳಿದು ಅಂಗಡಿಯ ಎದುರು ನಡೆಯುತ್ತೇನೆ. ನನ್ನ ಜೊತೆ ಅವಳು ಮಾತು ಬಿಟ್ಟು ಒಂದು ವರ್ಷದ ಮೇಲಾಯಿತು. ರಸ್ತೆಯ ಆಚೆ ನಾನಿರುವುದು ಅವಳಿಗೆ ದೂರದಿಂದಲೇ ಕಾಣಿಸುತ್ತದೆ. ಬಟ್ಟೆ ಮಡಚುತ್ತಿದ್ದ ಕೈ ನಿಲ್ಲಿಸಿ, ಎರಡೂ ಕಣ್ಣು ಬಿಟ್ಟು ನನ್ನನ್ನು ನೆಟ್ಟಗೆ ನೋಡಿ, ಒಳಗೆ ಹೋಗಿಬಿಡುತ್ತಾಳೆ.